ದಕ್ಷಿಣೇಶ್ವರದ ಗೋಪಾಲ್‌ದಾ

ಕೋಲ್ಕತ್ತದಲ್ಲಿ ಆಗ ಒಂದು ಕೋಟಿ ನಲವತ್ತು ಲಕ್ಷ ಜನರಿದ್ದರು. ಅವರಲ್ಲಿ ಒಂದು ಕೋಟಿ ಮೂವತ್ತೊಂಬತ್ತು ಲಕ್ಷ ಜನ ರತ್ನಾಕರನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಉಳಿದ ಒಂದು ಲಕ್ಷ ಇನ್ನೂ ಮಾತು ಬಾರದ ಕೂಸುಗಳು. ಅವನು ರಸ್ತೆ ದಾಟಲು ಹೊರಟರೆ ಟ್ರಾಮು ಹಳಿ ಬಿಟ್ಟು ಬದಿಗೆ ಸರಿಯುತ್ತಿತ್ತು. ಹೂಗ್ಲಿ ನದಿ ಉಬ್ಬರ ಏರುವ ಮೊದಲು ಅಲಿಪುರದ ಅವನ ಮನೆಗೆ ಹೇಳಿ ಕಳಿಸುತ್ತಿತ್ತು. ನಂಬದವರು ಕುಂದಾಪುರದಲ್ಲಿರುವ ಅವನ ಅಕ್ಕ ಅಹಲ್ಯಾಳನ್ನು ಕೇಳಬಹುದು. ಬ್ಯಾಂಕಿನ ಕೆಲಸಕ್ಕೆಂದು ತಮ್ಮ ಅಲ್ಲಿಗೆ ಹೋದಂದಿನಿಂದ ಹನ್ನೊಂದು ವರ್ಷ, ಭಾನುವಾರ ಭಾನುವಾರ, ಫೋನಿನಲ್ಲಿ ಅವಳು ಕೇಳಿಸಿಕೊಂಡಿದ್ದು ಇದನ್ನೇ.

ಎರಡು ಸಾವಿರದ ಆರನೆಯ ಇಸವಿಯ ಜೂನ್‌ನಲ್ಲಿ ಅಹಲ್ಯಾ ಮಗಳು ಅಕ್ಷರಾಳನ್ನು ಕರೆದುಕೊಂಡು ಬಂದಳು. ಊರಿನ ಮಕ್ಕಳೆಲ್ಲ ಕಂಪ್ಯೂಟರ್ ಎಂದು ಓಡುತ್ತಿದ್ದ ಕಾಲದಲ್ಲಿ ಈ ಹುಡುಗಿಗೆ ಸಂಖ್ಯಾಶಾಸ್ತ್ರದ ಹುಚ್ಚು. ಬಾರಾನಗರದ ಸಂಶೋಧನಾ ಸಂಸ್ಥೆಯವರು ಸಂದರ್ಶನಕ್ಕೆ ಕರೆದಿದ್ದರು: ಬುಧವಾರ, ಮಧ್ಯಾಹ್ನ ಎರಡು ಗಂಟೆ, ಅಸಲು ಅಂಕಪಟ್ಟಿಗಳೊಂದಿಗೆ. ಅಸಲು ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

ಹೌರಾ ನಿಲ್ದಾಣದಲ್ಲಿ ಇಳಿದ ಗಳಿಗೆಯಿಂದ ರತ್ನಾಕರನ ಬಾಯಿ ನಿಲ್ಲಲಿಲ್ಲ.

"ಕೂಲಿಯವನ ತೋಳಿನ ಬಿಲ್ಲೆ ನಂಬರ್ ಮೊದಲು ನೋಡ್ಬೇಕು, ಆಮೇಲೆ ಪೆಟ್ಟಿಗೆ ಕೊಡ್ಬೇಕು. ಟ್ಯಾಕ್ಸಿ ಪ್ರೀಪೇಯ್ಡ್ ಸಾಲಿನಿಂದ್ಲೇ. ಬಸ್ಸಲ್ಲಿ ಚೀಲ ಎದೆ ಮೇಲೆ. ನೀರಿನ ಬಾಟ್ಲಿಯ ಸೀಲು ಕಿವಿಗೆ ಕೇಳುವ ಹಾಗೆ ಒಡೀಬೇಕು. ಎಲ್ಲಕ್ಕಿಂತ ಮುಖ್ಯ, ದಾರಿ ಕೇಳ್ಬಾರ್ದು. ಕೇಳಿದ್ರೆ ಹೊಸಬರು ಅಂತ ಗೊತ್ತಾಗ್ತದೆ."

"ಮತ್ತೆ ದಾರಿ ತಪ್ಪಿದ್ರೆ ಮಾವ?"

"ನಾನಿರುವಾಗ ದಾರಿಗೇ ತಪ್ಪಲಿಕ್ಕೆ ಧೈರ್ಯ ಇಲ್ಲ ಮಾರಾಯ್ತಿ."

ಬುಧವಾರ ಬೆಳಿಗ್ಗೆ ಅಹಲ್ಯಾ ಒಂದು ಆಸೆ ಹೇಳಿದಳು. ದಕ್ಷಿಣೇಶ್ವರ ಬಾರಾನಗರದ ಮಗ್ಗುಲಲ್ಲೇ ಉಂಟಂತೆ; ದೇವಿಗೆ ಕೈಮುಗಿದು ಹೋದರಾಗದೇ? ರತ್ನಾಕರನ ಬಾಯಿ ಅವನಿಗಿಂತ ಮೊದಲೇ ಉತ್ತರಿಸಿತ್ತು: "ದಕ್ಷಿಣೇಶ್ವರವಾ? ಅದು ನನ್ನ ಹಿತ್ತಿಲು!"

ಸಿಯಾಲ್ದಾದಿಂದ ಲೋಕಲ್ ರೈಲು ಹಿಡಿದು ಇಳಿದರು. ನಿಲ್ದಾಣದ ಗಲ್ಲಿಯುದ್ದಕ್ಕೂ ಕೆಂಪು ದಾಸವಾಳದ ಹಾರ, ಪೇಡದ ಬುಟ್ಟಿ ತೂಗುಹಾಕಿದ ಅಂಗಡಿಗಳು. ಪೂಜೆಯ ಬುಟ್ಟಿ ಕೊಂಡವರ ಚಪ್ಪಲಿ, ಚೀಲಗಳನ್ನು ಅಂಗಡಿಯವರೇ ಕಾಯುವುದು ಅಲ್ಲಿನ ರೂಢಿ. ಚೀಟಿ ಇಲ್ಲ, ಬಿಲ್ಲೆ ಇಲ್ಲ. ಮೊದಲ ಅಂಗಡಿಯವನು "ಬನ್ನಿ ದಾದಾ" ಎಂದು ಎಲ್ಲರಿಗೂ ನಗುವಂತೆ ಇವನಿಗೂ ನಕ್ಕ. ಅಷ್ಟೇ ಸಾಕಾಯಿತು.

"ನೋಡಿದ್ಯಾ ಅಕ್ಕ, ಗೋಪಾಲ್‌ದಾ, ಗೋಪಾಲಣ್ಣ! ನನ್ನ ಜೀವದ ದೋಸ್ತಿ. ಅಕ್ಷರಾ, ಆ ಅಂಕಪಟ್ಟಿಯ ಫೈಲು ನೂಕುನುಗ್ಗಲಲ್ಲಿ ಬೇಡ, ಇಲ್ಲೇ ಇಡು. ರಿಸರ್ವ್ ಬ್ಯಾಂಕಿಗಿಂತ ಭದ್ರ."

ಬುಟ್ಟಿ ಕೊಂಡು ಮೂವರೂ ಅಲ್ಲೇ ಚಪ್ಪಲಿ ಬಿಟ್ಟರು; ಫೈಲನ್ನು ಅಕ್ಷರಾ ಅನುಮಾನಿಸುತ್ತಲೇ ಕೊಟ್ಟಳು.

ಒಳಗೆ ಕಾಲಿಟ್ಟದ್ದೇ ರತ್ನಾಕರ ಉಸಿರಾಡಲು ಮರೆತ. ವಿಶಾಲವಾದ ಅಂಗಳ, ನಡುವೆ ಬೆಳ್ಳಗೆ ಎದ್ದುನಿಂತ ಒಂಬತ್ತು ಶಿಖರ, ಎದುರು ಸಾಲಾಗಿ ಕುಳಿತ ಹನ್ನೆರಡು ಶಿವಗುಡಿ. ಅವುಗಳ ನಡುವಿನ ಬಾಗಿಲಿನಾಚೆ ಮೆಟ್ಟಿಲಿಳಿದರೆ ಇಲ್ಲಿನವರು ಗಂಗೆ ಎಂದೇ ಕರೆಯುವ ಹೂಗ್ಲಿ. ಕಡಲ ಕರೆಯಲ್ಲಿ ಹುಟ್ಟಿದವನಿಗೆ ನೀರು ಹೊಸದಲ್ಲ. ಆದರೆ ಇಡೀ ಕಡಲೇ ಎತ್ತಲೋ ಕೆಲಸಕ್ಕೆ ಹೊರಟಂತೆ, ಮಾತಾಡದೆ ಸಾಗುವ ಇಂಥ ನೀರನ್ನು ಅವನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಉದ್ದನೆಯ ಸೇತುವೆಯ ಮೇಲೆ ರೈಲೊಂದು ಹಾದುಹೋಯಿತು. ಕೆಳಗೆ ಸೊಂಟದವರೆಗೆ ನೀರಲ್ಲಿ ನಿಂತ ಮುದುಕಿ ಕಣ್ಣು ತೆರೆಯಲಿಲ್ಲ. ಅವನಿಗೆ ಬಾಯಿಬಿಟ್ಟು ನೋಡಬೇಕೆನಿಸಿತು. ಆದರೆ ಹಿತ್ತಿಲನ್ನು ಯಾರಾದರೂ ಬಾಯಿಬಿಟ್ಟು ನೋಡುತ್ತಾರೆಯೇ? ಆಕಳಿಸಿದ.

"ಕಣ್ಣಲ್ಲಿ ನೀರೆಂತಕ್ಕೆ ಮಾರಾಯ?" ಎಂದಳು ಅಕ್ಕ.

"ಧೂಪದ ಹೊಗೆ."

ಹನ್ನೆರಡೂವರೆಗೆ ಗುಡಿಯ ಬಾಗಿಲು ಮುಚ್ಚಿತು. ಒಳದಾರಿ ಗೊತ್ತೆಂದು ರತ್ನಾಕರ ಬೇರೊಂದು ದ್ವಾರದಿಂದ ಹೊರಬಿದ್ದ. ಹೊರಗೂ ಅದೇ ದಾಸವಾಳ, ಅದೇ ಪೇಡ, ಅದೇ ನಗು. ಅಂಗಡಿಗಳು ಮಾತ್ರ ಬೇರೆ. ಕಾದ ನೆಲದ ಮೇಲೆ ಬರಿಗಾಲಲ್ಲಿ ಮೂವರೂ ಕುಣಿದರು. ಊಟದ ಹೊತ್ತೆಂದು ಒಂದೊಂದೇ ಅಂಗಡಿ ಬಾಗಿಲು ಎಳೆಯುತ್ತಿತ್ತು.

"ಗೋಪಾಲ್‌ದಾ ಎಲ್ಲಿ?" ಎಂದು ಅಕ್ಷರಾ ಚಹಾದವನನ್ನು ಹಿಂದಿಯಲ್ಲಿ ಕೇಳಿಯೇಬಿಟ್ಟಳು.

ಈ ಊರಿನಲ್ಲಿ ಒಬ್ಬನನ್ನು ದಾರಿ ಕೇಳಿದರೆ ಐವರು ಹೇಳುತ್ತಾರೆ, ಹತ್ತು ಮಂದಿ ಜೊತೆಗೇ ಬರುತ್ತಾರೆ. ಒಬ್ಬ ಗೋಪಾಲ ಶಂಖ ಮಾರುವವನು. ಇನ್ನೊಬ್ಬ ದೋಣಿಕಟ್ಟೆಯ ಟಿಕೆಟಿನವನು. ಮೂರನೆಯ ಗೋಪಾಲನನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ತಂದರು. ವಯಸ್ಸು ಎಂಬತ್ತು, ಪಾಪ, ಯಾವ ಫೈಲನ್ನಾದರೂ ಹುಡುಕಿಕೊಡಲು ತಯಾರಾಗಿದ್ದ. ಮೆರವಣಿಗೆ ಬೆಳೆಯಿತು. ರತ್ನಾಕರನ ಲೆಕ್ಕದಲ್ಲಿ ನಾಲ್ಕು ಸಾವಿರ ಜನ, ಅಹಲ್ಯಾಳ ಲೆಕ್ಕದಲ್ಲಿ ಹದಿನೈದು.

"ಮಾವ, ಗಂಟೆ ಒಂದು ಹತ್ತಾಯ್ತು" ಎಂದಳು ಅಕ್ಷರಾ. ಅಳಲಿಲ್ಲ. ಅತ್ತಿದ್ದರೆ ಅವನು ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದ. ದುಪಟ್ಟಾದ ಅಂಚು ಕಚ್ಚಿ ಅವನನ್ನೇ ನೋಡುತ್ತ ನಿಂತಳು.

ಮೆರವಣಿಗೆಯಲ್ಲಿದ್ದ ಹೂ ಮಾರುವ ಮುದುಕಿ ಹಿಂದಿಯಲ್ಲಿ ಕೇಳಿದಳು: "ನಿನ್ನ ಗೋಪಾಲ ಹೇಗಿದ್ದಾನಪ್ಪ? ಎತ್ತರವೋ, ಕುಳ್ಳೋ?"

ಅಹಲ್ಯಾ ತಮ್ಮನ ಮುಖ ನೋಡಿದಳು. "ಹೇಳು. ಜೀವದ ದೋಸ್ತಿ ಅಲ್ದಾ?"

ರತ್ನಾಕರನ ನಾಲಿಗೆಯ ಮೇಲೆ ನಾಲ್ಕನೆಯ ಗೋಪಾಲ ಆಗಲೇ ಮೀಸೆ ಸಮೇತ ಸಿದ್ಧನಾಗಿದ್ದ. ಹುಡುಗಿಯ ಕಣ್ಣು ನೋಡಿ ಅವನನ್ನು ನುಂಗಿಕೊಂಡ.

"ಗೋಪಾಲ ಅಂತ ಯಾರೂ ಇಲ್ಲ. ಹೆಸರು ನಾನೇ ಇಟ್ಟದ್ದು. ಈ ಜಾಗಕ್ಕೆ ನಾನು ಬಂದದ್ದು ಇವತ್ತೇ ಮೊದಲು."

ಅಕ್ಷರಾ ಅದನ್ನು ಹಿಂದಿಗೆ ತಿರುಗಿಸಿ ಹೇಳಿದಳು. ಮುದುಕಿ ಹಣೆ ಚಚ್ಚಿಕೊಂಡಳು. "ಹೊಸಬರಾ? ಮೊದಲೇ ಹೇಳಬಾರದಾ! ಬಂದದ್ದು ರೈಲಿನಲ್ಲಾ, ಬಸ್ಸಿನಲ್ಲಾ?"

"ರೈಲಿನಲ್ಲಿ" ಎಂದಳು ಅಕ್ಷರಾ.

"ಹಾಗಾದರೆ ಆ ಕಡೆಯ ಗಲ್ಲಿ. ಹೊಸಬರು ಮೊದಲು ಕರೆದವನ ಹತ್ತಿರವೇ ನಿಲ್ಲುತ್ತಾರೆ."

ಮೆರವಣಿಗೆ ಗಲ್ಲಿಗೆ ಓಡಿತು. ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಮೆಟ್ಟಿಲ ಮೇಲೆ ಬೆಳಗಿನ ಅಂಗಡಿಯವನು ಕುಳಿತಿದ್ದ. ಪಕ್ಕದಲ್ಲಿ ಮೂರು ಜೊತೆ ಚಪ್ಪಲಿ, ಇನ್ನೂ ಬಿಚ್ಚದ ಊಟದ ಡಬ್ಬಿ, ತೊಡೆಯ ಮೇಲೆ ಫೈಲು. ಫೈಲಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದ.

"ಓದಿನ ಕಾಗದ ಅಂತ ಗೊತ್ತಾಯಿತು. ಹೂವಿನ ನೀರು ತಾಗಬಾರದಲ್ಲ" ಎಂದ, ಹಿಂದಿಯಲ್ಲಿ, ದೊಡ್ಡ ವಿಷಯವೇ ಅಲ್ಲವೆಂಬಂತೆ. ದಿನಕ್ಕೆ ನೂರಾರು ಜನ ಬಿಟ್ಟುಹೋಗುವ ಚಪ್ಪಲಿಗಳಲ್ಲಿ ಯಾರದ್ದು ಯಾವುದೆಂದು ಹೇಗೆ ನೆನಪಿರುತ್ತದೆ ಎಂದು ಅಹಲ್ಯಾ ಮಗಳಿಂದ ಕೇಳಿಸಿದಳು. "ಮುಖ ನೋಡಿ" ಎಂದ. ರತ್ನಾಕರನಿಗೆ ಗುಡಿಯ ಮುಂದೆ ತಡೆಹಿಡಿದ ಬೆರಗೆಲ್ಲ ಇಲ್ಲಿ ಬಾಯಿಗೆ ಬಂತು. ಈ ಸಲ ಆಕಳಿಸಲಿಲ್ಲ, ಬಾಯಿಬಿಟ್ಟೇ ನೋಡಿದ.

ಎರಡಕ್ಕೆ ಎಂಟು ನಿಮಿಷವಿರುವಾಗ ಆಟೋ ಸಂಸ್ಥೆಯ ಗೇಟಿನ ಮುಂದೆ ನಿಂತಿತು. ಅಕ್ಷರಾ ಫೈಲನ್ನು ಎದೆಗೊತ್ತಿಕೊಂಡು ಒಳಗೆ ಓಡಿದಳು. ಅಕ್ಕ ತಮ್ಮ ಗೋಡೆಯ ನೆರಳಲ್ಲಿ ಕುಳಿತರು.

"ಹನ್ನೊಂದು ವರ್ಷ ಇಲ್ಲಿದ್ದಿ. ಎಂತೆಲ್ಲ ನೋಡಿದ್ದಿ, ಸತ್ಯ ಹೇಳು."

"ಮನೆ, ಬ್ಯಾಂಕು, ಸಂತೆ."

"ಮತ್ತೆ?"

"ಅಷ್ಟೇ ಅಕ್ಕ. ಬಂದ ಮೊದಲ ವಾರವೇ ದಾರಿ ತಪ್ಪಿ ಎರಡು ಗಂಟೆ ತಿರುಗಿದೆ. ಬ್ಯಾಂಕಿನವನು ಅಂತ ಹೇಳ್ಕೊಂಡು ದಾರಿ ಕೇಳ್ಲಿಕ್ಕೆ ನಾಚಿಕೆ. ಆಮೇಲೆ ಹೆದರಿಕೆ. ಬಂದವರಿಗೆಲ್ಲ ಜಾಗ್ರತೆ ಜಾಗ್ರತೆ ಅಂತ ಹೇಳ್ತೇನಲ್ಲ, ಅದೆಲ್ಲ ನನ್ನ ಹೆದರಿಕೆಯೇ."