ಒಣಗುವ ತನಕ

“ಕಾಲು ತೆಗಿಯೇ ಲೌಡಿ! ಮೂರು ದಿನದಿಂದ ಮಗು ಮಲಗಿಸ್ದಂಗೆ ಮಲಗ್ಸಿದೀನಿ ಈ ನೀರ್ನ. ಎಬ್ಬಿಸ್ಬೇಡ!”

ಮೇಸ್ತ್ರಿ ದಡದಿಂದ ಕೂಗಿದ. ಗಿಣಿ ಹೊಂಡಕ್ಕೆ ಇಳಿಬಿಟ್ಟಿದ್ದ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡಳು. ಅಷ್ಟಕ್ಕೇ ತಳದಿಂದ ಹೊಗೆಯಂಥ ಕಪ್ಪು ಎಳೆಯೊಂದು ಎದ್ದು, ಸುರುಳಿ ಸುತ್ತಿ, ಮೇಲೆ ಬಂದು ಬಣ್ಣಬಣ್ಣದ ಎಣ್ಣೆಯಾಗಿ ಹರಡಿತು.

“ಮಗು ಉಚ್ಚೆ ಹೊಯ್ತು ಮೇಸ್ತ್ರಿ,” ಎಂದಳು, ಅವನದೇ ಒಡಕು ದನಿಯಲ್ಲಿ. ಹಿಂದಿದ್ದ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ನಗು ಮುಚ್ಚಲೋ, ನಾತ ತಡೆಯಲೋ, ಹೇಳುವುದು ಕಷ್ಟ.

ಕಂಡವರ ದನಿಯನ್ನೆಲ್ಲ ಕದಿಯುತ್ತಾಳೆಂದೇ ಅವಳಿಗೆ ಗಿಣಿ ಎಂಬ ಹೆಸರು ಬಿದ್ದಿತ್ತು. ಇಪ್ಪತ್ತು ವರ್ಷ ಕಾರ್ಖಾನೆಯ ಕೊಳವೆ ಈ ಹೊಂಡಕ್ಕೆ ಉಗುಳಿತ್ತು. ಈಗ ಕಾರ್ಖಾನೆ ಬಾಗಿಲು ಹಾಕಿದೆ. ಜಾಗ ಮಾರುವ ಮುಂಚೆ ಹೂಳೆತ್ತಬೇಕು. ಎತ್ತಿದ ಹೂಳನ್ನು ಕೂಲಿಯವರ ಸಾಲು ರೂಮುಗಳ ಹಿಂದೆ ಗುಡ್ಡೆ ಹಾಕಿಸಿದ್ದರು. ಹಸಿಯಿದ್ದಾಗ ನಾತ, ಒಣಗಿದಾಗ ಧೂಳು. ಕಿಟಕಿ ಮುಚ್ಚಿ ಮಲಗಿದರೂ ಬೆಳಿಗ್ಗೆ ಹೊದಿಕೆಯ ಮೇಲೆ ಬೂದುಪುಡಿ. ಗುಡ್ಡೆಗೆ ಅಂಟಿಕೊಂಡ ಕೊನೆಯ ರೂಮಿನಲ್ಲಿ ಗಿಣಿಯ ತಂಗಿ ತಿಂಗಳಿಂದ ಎದ್ದಿರಲಿಲ್ಲ. ಮೊನ್ನೆ ಕೆಮ್ಮಿದಾಗ ದಿಂಬಿಗೆ ರಕ್ತ ಹತ್ತಿತ್ತು.

ಇವತ್ತು ನೀರು ಪರೀಕ್ಷೆಗೆ ಬರುವ ಸರ್ಕಾರಿ ಸಾಹೇಬರು ಇದು ವಿಷ ಅಂತ ಬರೆದರೆ ಗುಡ್ಡೆ ಎತ್ತಿಸಲೇಬೇಕು. ಬರೆಯದಿದ್ದರೆ ಕೆಲಸ ಮುಗಿಯಿತೆಂದು ಇವತ್ತೇ ಸಹಿ. ಗುಡ್ಡೆಯೂ ಅಲ್ಲೇ, ತಂಗಿಯೂ ಅಲ್ಲೇ.

ಸಾಹೇಬರು ಬಂದರು. ಕರ್ಚೀಫು ಮೂಗಿಗೆ, ಬಾಟ್ಲಿ ನೀರಿಗೆ. ಕೆನೆ ತೆಗೆಯುವ ಹಾಗೆ ಮೇಲಿನ ನೀರನ್ನಷ್ಟೇ ತುಂಬಿ ಬಿಸಿಲಿಗೆ ಹಿಡಿದರು. ತಿಳಿನೀರು.

“ಸಾರ್, ಸ್ವಲ್ಪ ತಳದ್ದೂ ತಗೊಳ್ಳಿ,” ಎಂದಳು ಗಿಣಿ.

“ನಂದು ನೀರು ಕಣಮ್ಮ. ತಳದ್ದು ಮಣ್ಣಿನೋರು ನೋಡ್ಬೇಕು.”

“ಅವ್ರು ಯಾವಾಗ ಬರ್ತಾರೆ?”

“ಬಂದು ಹೋದ್ರಲ್ಲ! ಒದ್ದೆ ಇರೋದ್ರಿಂದ ಇದು ನೀರಿಗೆ ಸೇರಿದ್ದು ಅಂತ ಬರ್ದಿದಾರೆ.”

“ಹಂಗಾದ್ರೆ ಒಣಗಿ ಹಾರೋದು?”

“ಅದು ಗಾಳಿಯೋರದು. ಅವ್ರು ನೋಡೋದು ಚಿಮಣಿ. ಚಿಮಣಿ ನಿಂತೋಯ್ತು, ಅವ್ರಿಗೇನು ಕೆಲ್ಸ ಇಲ್ಲಿ?”

“ಓಹೋ. ನಿಮ್ಗಾದಂಗೆ ಇದ್ಕೂ ವರ್ಗ ಆಗ್ತಾ ಇರುತ್ತೆ ಅನ್ನಿ. ಮಣ್ಣಿಂದ ನೀರಿಗೆ, ನೀರಿಂದ ಗಾಳಿಗೆ. ಎಲ್ಲಿ ಹುಡುಕಿದ್ರೂ ಸೀಟಲ್ಲಿರಲ್ಲ. ನನ್ ತಂಗಿ ಎದೇಲಿ ಮಾತ್ರ ಪರ್ಮನೆಂಟು.”

ಸಾಹೇಬರು ನಕ್ಕರು. “ಚೆನ್ನಾಗಿ ಮಾತಾಡ್ತಾಳಲ್ಲಯ್ಯ ಇವ್ಳು!”

“ದುಡಿಯೋದು ಬಾಯೊಂದೇ ಸಾರ್, ಮೈ ಬಗ್ಗಲ್ಲ,” ಎಂದ ಮೇಸ್ತ್ರಿ.

“ನಿನ್ ತಂಗಿಗೆ ಬೇರೇನೋ ಕಾಯ್ಲೆ ಇರ್ಬೇಕಮ್ಮ. ನಿಮ್ ಜನ ಮೊದ್ಲು ಕೈಕಾಲು ತೊಳ್ಕೊಳೋದು ಕಲೀಬೇಕು.” ತಿರುಗುವಾಗ ಸಾಹೇಬರ ಬೂಟು ಅಂಚಿನ ಕೆಸರಿಗೆ ಜಾರಿತು. “ಥೂ!”

“ನೋಡ್ತಾ ನಿಂತಿದೀಯಲ್ಲೇ ಮುಂಡೇದೆ, ಒರ್ಸು!” ಮೇಸ್ತ್ರಿ ಗಿಣಿಯನ್ನು ಗದರಿದ.

ಸುತ್ತ ಬಟ್ಟೆ ಕಾಣಲಿಲ್ಲ. ಗಿಣಿ ಮಂಡಿಯೂರಿ ಸೆರಗಿನಿಂದ ಒರೆಸಿದಳು. ಅಟ್ಟೆಯ ಸಂದಿಯಲ್ಲೂ ಇತ್ತು. ಸಾಹೇಬರು ಅನುಕೂಲವಾಗಲೆಂದು ಕಾಲೆತ್ತಿ ಕೊಟ್ಟರು. ಈ ಸಲ ಹೆಂಗಸರ ಸೆರಗು ಬಾಯಿಗೆ ಹೋಗಲಿಲ್ಲ.

ಸಹಿಗೆಂದು ಅವರಿಬ್ಬರೂ ಮೇಸ್ತ್ರಿಯ ಆಫೀಸು ರೂಮಿಗೆ ಹೋದರು. ಗಿಣಿ ಬುಟ್ಟಿ ತಗೊಂಡು ಹೊಂಡಕ್ಕಿಳಿದಳು. ಮೊಣಕಾಲುದ್ದ. ಮೂರು ದಿನ ಮಲಗಿದ್ದದ್ದು ಒಮ್ಮೆಲೇ ಎದ್ದು ಕೂತಿತು. ತಳದಿಂದ ಬಾಚಿ ತುಂಬಿಕೊಂಡು, ಹೊತ್ತು ನಡೆದು, ಆಫೀಸಿನ ನೆಲದ ಮೇಲೆ ಸುರಿದಳು.

“ಏಯ್! ತಲೆ ಕೆಟ್ಟಿದೆಯೇನೇ ಬೇವರ್ಸಿ!”

ಅಷ್ಟರಲ್ಲಿ ಎರಡನೆಯ ಬುಟ್ಟಿ ಬಂತು. ಮೂರನೆಯದು. ಯಾರೂ ಯಾರಿಗೂ ಹೇಳಿರಲಿಲ್ಲ. ಹನ್ನೊಂದು ಬುಟ್ಟಿಯಾದ ಮೇಲೆ ಹೆಂಗಸರು ಬಾಗಿಲಿಗೆ ಅಡ್ಡಲಾಗಿ ಭುಜಕ್ಕೆ ಭುಜ ಕೊಟ್ಟು ಕೂತರು. ಮೇಸ್ತ್ರಿ ಒಬ್ಬಳ ಜುಟ್ಟು ಹಿಡಿದೆಳೆದ. ಹತ್ತು ಜನ ತಲೆಯೆತ್ತಿ ಅವನನ್ನೇ ನೋಡಿದರು. ಕೈ ಬಿಟ್ಟ.

ಗಿಣಿ ಕಿಟಕಿಯ ಚಿಲಕ ಹಾಕಿದಳು. ಫ್ಯಾನನ್ನು ಕೊನೆಯ ನಂಬರಿಗೆ ತಿರುಗಿಸಿದಳು. ಆಮೇಲೆ ನೆಲ ಸಾರಿಸುವವಳ ಹಾಗೆ ಕಾಲಿನಿಂದಲೇ ಹೂಳನ್ನು ಗೋಡೆಯಿಂದ ಗೋಡೆಗೆ ತೆಳ್ಳಗೆ ಬಳಿಯತೊಡಗಿದಳು.

“ಇದೇನಮ್ಮ ಇದು?” ಸಾಹೇಬರ ದನಿ ತೆಳುವಾಗಿತ್ತು.

“ಗಾಬ್ರಿ ಆಗ್ಬೇಡಿ ಸಾರ್. ಒಣಗೋವರ್ಗೂ ಕೂತಿರೋಣ. ಯಾರ ಇಲಾಖೆ ಅಂತ ಗೊತ್ತಾಗುತ್ತೆ.”

“ಬರ್ದು ಕೊಡ್ತೀನಿ, ಮೊದ್ಲು ದಾರಿ ಬಿಡಿ.”

“ಬರೀರಿ, ಆಮೇಲೆ ಬಿಡ್ತೀವಿ.”

ಪೆನ್ನು ಕಾಗದದ ಮೇಲೆಯೇ ನಿಂತಿತ್ತು. ಸಾಹೇಬರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಫ್ಯಾನು ಗರಗರ ತಿರುಗಿತು. ಬಳಿದ ಕಡೆಯೆಲ್ಲ ಕಪ್ಪು ಅಂಚಿನಿಂದ ಬಿಳುಚಿಕೊಂಡು, ಬಿರಿದು, ಸಣ್ಣ ಸಣ್ಣ ಚಕ್ಕೆ ಏಳತೊಡಗಿತು. ಕಿಟಕಿಯ ಬಿಸಿಲಕೋಲಿನಲ್ಲಿ ಮೊದಲ ಪುಡಿ ಮೇಲೆದ್ದು, ಯಾರ ಕಡೆ ಹೋಗಲಿ ಎನ್ನುವಂತೆ ಒಂದು ಗಳಿಗೆ ನಿಂತು, ಎಲ್ಲರ ಕಡೆಗೂ ಹೊರಟಿತು.

ಬಾಗಿಲಲ್ಲಿದ್ದ ಹೆಂಗಸರು ಮುಖ ತಿರುಗಿಸಲಿಲ್ಲ.