ಹೋಟಗಿ ಚರ್ಚಿನ ಕಮಾನು

೧೯೩೪ರ ಬೇಸಿಗೆಯಲ್ಲಿ ಹೋಟಗಿಯ ಹಳೆಯ ಚರ್ಚಿನ ಬಾಗಿಲ ಕಮಾನು ಬಿರುಕು ಬಿಟ್ಟಿತು. ಅಷ್ಟಕ್ಕೇ ಚರ್ಚಿನ ಮಂದಿ ಎರಡು ಪಾಲಾಗಿ ಕಚ್ಚಾಡತೊಡಗಿದರು. ಕಲ್ಲು ಬಿಚ್ಚಿ ಮತ್ತೆ ಹಾಗೆಯೇ ಕಟ್ಟೋಣ ಎಂದರು ಪಂಚರು. ಹಿರಿಯರು ಕಟ್ಟಿದ್ದನ್ನು ಮುಟ್ಟಿದರೆ ಕೈ ಮುರಿಯುತ್ತೇವೆ ಎಂದರು ದಾಮೋದರ ಮಾಸ್ತರರ ಕಡೆಯವರು. ಮಾಸ್ತರರು ಮದುವೆಯಾಗಿ ಹೆಂಡತಿಯ ಜೊತೆ ಹೊರಬಂದದ್ದು ಆ ಕಮಾನಿನಡಿ, ಆಕೆಯ ಹೆಣಕ್ಕೆ ಹೆಗಲು ಕೊಟ್ಟು ಹೊರಬಂದದ್ದೂ ಅದರಡಿಯೇ. ಪಾಪ, ಅವರ ಸಂಕಟ ಸುಳ್ಳಲ್ಲ. ಆದರೆ ಕಲ್ಲಿನ ಕೆಲಸ ಅವರಿಗೇನು ಗೊತ್ತು, ಮಣ್ಣು!

ಗೊತ್ತಿದ್ದವನು ಪಂಚರು ಕರೆಸಿದ ವಳಸಂಗದ ಗೌಂಡಿ ಕಲ್ಲಣ್ಣ. ಕಮಾನಿನ ಹೊಟ್ಟೆಗೆ ಕಟ್ಟಿಗೆಯ ಚೌಕಟ್ಟು ಕೊಟ್ಟು, ಅದಕ್ಕೆ ನಾಲ್ಕು ಕಂಬ ಆನಿಸಿ, ನೆತ್ತಿಯ ನಡುಗಲ್ಲನ್ನು ಬಿಚ್ಚಿ ಇಳಿಸಿದ್ದ. ಇನ್ನು ಉಳಿದ ಕಲ್ಲುಗಳ ಭಾರವೆಲ್ಲ ಆ ಕಂಬಗಳ ಮೇಲೆ. ಅವನ ತಮ್ಮ ಬಸಣ್ಣ ಮೇಲೆ ಕೂತು ಹಳೆಯ ಗಾರೆ ಕೆರೆಯುತ್ತಿದ್ದ.

ಮಟಮಟ ಮಧ್ಯಾಹ್ನ ಮಾಸ್ತರರು ಹತ್ತು ಮಂದಿಯನ್ನು ಕಟ್ಟಿಕೊಂಡು ಬಂದರು. ಕಂಬ ಕಂಡದ್ದೇ ಕೆಂಡವಾದರು. ಕಮಾನನ್ನು ಮೀಟಿ ಕೆಡವಲೆಂದೇ ಅವನ್ನು ನೆಟ್ಟಿದ್ದಾರೆಂದು ಅವರ ಎಣಿಕೆ.

"ಕಿತ್ತ ಒಗೀರಿ ಅವನ್ನ!"

"ಮಾಸ್ತರ, ಕೈ ಮುಗೀತೀನ್ರಿ!" ಕಲ್ಲಣ್ಣ ಅಡ್ಡ ನಿಂತ. "ಕಮಾನ ನಿಂತದ್ದ ಅದರ ಮ್ಯಾಲ. ನನ್ನ ತಮ್ಮ ಮ್ಯಾಲ ಅದಾನ್ರೀ!"

"ಸುಳ್ಳ ಬೊಗಳಬ್ಯಾಡಲೇ! ಇಷ್ಟ ವರ್ಷ ಯಾವ ಕಂಬದ ಮ್ಯಾಲ ನಿಂತಿತ್ತ ಇದು?"

ಯಾರೋ ಬೀಸಿದ ಕಲ್ಲು ಕಲ್ಲಣ್ಣನ ಹುಬ್ಬು ಸೀಳಿತು. ಅವನು ಒಬ್ಬನ ಮೂಗು ಗುದ್ದಿ ಒಡೆದ, ಇನ್ನೊಬ್ಬನ ತೋಳು ಕಚ್ಚಿ ಹರಿದ. ಮೂವರು ಸೇರಿ ಅವನನ್ನು ನೆಲಕ್ಕೆ ಕೆಡವಿ ಬಾಯಿಗೆ ಒದ್ದರು. ರಕ್ತ ಉಗುಳುತ್ತಲೇ ಚೀರಿದ: "ಬಸ್ಯಾ, ಜಿಗಿಯೋ!"

ಬಸಣ್ಣ ಎದ್ದು ನಿಂತ. ಅಷ್ಟರಲ್ಲಿ ಮಾಸ್ತರರು ಹಾರೆಯಿಂದ ಕಂಬಕ್ಕೆ ಬಾರಿಸಿಯಾಗಿತ್ತು. ಕಂಬ ಜಾರಿ, ಚೌಕಟ್ಟು ಮುರಿದು, ಕಮಾನು ಪೂರಾ ಬಸಣ್ಣನನ್ನು ಹೊತ್ತೇ ಕೆಳಗೆ ಬಂತು.

ಬಂದವರೆಲ್ಲ ಓಡಿದರು. ಮಾಸ್ತರರೊಬ್ಬರೇ ಮೊಣಕಾಲೂರಿ ಬರಿಗೈಲಿ ಕಲ್ಲು ಕೆದರುತ್ತಿದ್ದರು. ಕಲ್ಲಣ್ಣ ಸುತ್ತಿಗೆ ಎತ್ತಿಕೊಂಡು ಅವರ ನೆತ್ತಿಗೆ ಗುರಿಯಿಟ್ಟ. ಕೊಲ್ಲಲೇಬೇಕು, ಬೇರೆ ಯೋಚನೆಯೇ ಇಲ್ಲ. ಆಗ ಕಲ್ಲುಗಳ ಸಂದಿಯಲ್ಲಿ ಬಸಣ್ಣನ ಬೆರಳು ಅಲುಗಿದವು. ಮೇಲಿದ್ದ ಕಲ್ಲು ಒಬ್ಬನಿಂದ ಏಳುವಂಥದ್ದಲ್ಲ.

ಸುತ್ತಿಗೆ ಒಗೆದ. "ಆ ಕಡಿ ಹಿಡೀರಿ!"

ಇಬ್ಬರೂ ಎತ್ತಿದರು. ಬಸಣ್ಣನ ಎದೆ ಒಳಕ್ಕೆ ಕುಸಿದಿತ್ತು. "ಯಣ್ಣಾ" ಅಂದ, ಅಷ್ಟೇ.

ಕಲ್ಲಣ್ಣ ಮಾಸ್ತರರ ಕೊರಳಪಟ್ಟಿ ಹಿಡಿದು ಮುಖಕ್ಕೆ ಗುದ್ದಿದ. ಹಲ್ಲು ಉದುರಿತು, ಮತ್ತೂ ಗುದ್ದಿದ. "ಹೊಡಿಯಪ್ಪಾ, ಬಿಡಬ್ಯಾಡ," ಎಂದರು ಮಾಸ್ತರರು, ಕೈ ಅಡ್ಡ ಹಿಡಿಯಲಿಲ್ಲ. ತೋಳು ಸೋತು ಇನ್ನು ಏಳದಾದಾಗ ಕಲ್ಲಣ್ಣ ಸುತ್ತ ನೋಡಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅದೇ ಮಾಸ್ತರರ ಎದೆಗೆ ಹಣೆ ಒತ್ತಿ, "ನಮ್ಮವ್ವಗ ಏನ ಹೇಳ್ಲಿ?" ಎಂದು ಬೋರಾಡಿ ಅತ್ತ.