ಅತ್ತೆಯ ಕಳ್ಳ ಹೆಣಿಗೆ

ಕಣ್ಣು ಸೋತಿತು, ಇನ್ನು ಹೆಣಿಗೆ ಕಡ್ಡಿ ಮುಟ್ಟುವುದಿಲ್ಲ ಎಂದು ಅತ್ತೆ ಮನೆಯವರೆದುರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಆಮೇಲೆ ಸೊಸೆ ಹವ್ಯಾಸಕ್ಕೆಂದು ಸ್ವೆಟರ್ ಹೆಣೆಯತೊಡಗಿದಳು ನೋಡಿ, ಅತ್ತೆಯ ಕೈ ತುರಿಸತೊಡಗಿತು. ಸೊಸೆ ಕೆಲಸಕ್ಕೆ ಹೊರಟೊಡನೆ ದೇವರ ಮುಂದೆ ಕೆನ್ನೆ ತಟ್ಟಿಕೊಂಡು, ಆ ಸ್ವೆಟರಿಗೆ ದಿನಕ್ಕೆ ನಾಲ್ಕು ಸಾಲು ಸೇರಿಸುವಳು. ಸಿಕ್ಕಿಬಿದ್ದರೆ ಆಡಿದ ಮಾತು ಮಣ್ಣುಪಾಲು. ಅದಕ್ಕೇ ತನ್ನ ಬಿಗಿಯಾದ ಕೈಯನ್ನು ಹದ ತಪ್ಪಿಸಿ, ಸೊಸೆಯಂತೆ ಜೋಲುಜೋಲಾಗಿ ಹೆಣೆಯುವುದನ್ನು ಬೆವರು ಸುರಿಸಿ ಕಲಿತಳು.

ತಿಂಗಳಾದ ಮೇಲೆ, ರಜೆಯ ದಿನ, ಸೊಸೆ ಸ್ವೆಟರನ್ನು ಅತ್ತೆಯ ತೊಡೆಯ ಮೇಲೆ ಹರಡಿದಳು.

"ಅತ್ತೆ, ಇದನ್ನ ಸ್ವಲ್ಪ ನೋಡಿ."

"ನಂಗೆಲ್ಲಮ್ಮ ಕಾಣುತ್ತೆ?"

"ಈಗೀಗ ನನ್ನ ಕೈ ಚೆನ್ನಾಗಿ ಕೂತಿದೆ. ಆದ್ರೂ ಮಧ್ಯೆ ಮಧ್ಯೆ ನಾಲ್ಕು ಸಾಲು ಜೋತುಬಿದ್ದಿರುತ್ತೆ. ಯಾರೋ ಹೊಸದಾಗಿ ಕಲಿಯೋರು ಹೆಣೆದ ಹಾಗಿದೆ."

"ಕಲಿಯೋರಾ?" ಅತ್ತೆಗೆ ಮೈಯೆಲ್ಲ ಉರಿಯಿತು. "ನಿನ್ನ ಜೋಲು ಕೈಗೆ ಹೊಂದಿಸೋಕೆ ನಾನೆಷ್ಟು ಪಾಡುಪಟ್ಟೆ ಗೊತ್ತೇನೆ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಫಲ? ಸೊಸೆ ನಗು ನುಂಗಿಕೊಂಡು, ಕಡ್ಡಿಗಳನ್ನು ಅತ್ತೆಯ ಕೈಗಿಟ್ಟಳು.

"ಹಾಗಾದ್ರೆ ತೋಳು ನೀವೇ ಹಾಕಿ. ಕದ್ದು ಬೇಡ, ನನ್ನ ಪಕ್ಕದಲ್ಲೇ ಕೂತು."

ಅತ್ತೆ ಮುಖ ಊದಿಸಿಕೊಂಡೇ ಸರಿದು ಕೂತು ಅವಳಿಗೆ ಜಾಗ ಮಾಡಿಕೊಟ್ಟಳು.